ವೈಫೈ ಇದೆ, ನೆಟ್ ಇಲ್ಲ: ತಪ್ಪು ಯಾರದು?

ಹಾಸನದ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿರುವ ಯಾವುದಾದರೂ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಇವತ್ತಲ್ಲದಿದ್ದರೆ ನಾಳೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

“ಯಾಕಣ್ಣ, ಆಗ್ಲಿಲ್ವಾ?”

“ವೈಫೈ ಐತೆ ಕಣಮ್ಮ, ನೆಟ್ ಬತ್ತಾ ಇಲ್ಲ. ಸರ್ವರ್ ಡೌನು. ನಾಳೆ ಬನ್ನಿ.”

ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಬಂದ ಆಯಮ್ಮ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮತ್ತೆ ಬಸ್ಸಿನ ಕಡೆ ಹೊರಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನಿಜ. ಆದರೆ ಹೋದ ದಿನದ ಕೂಲಿ ಪುಕ್ಕಟೆ ಬರುವುದಿಲ್ಲ. ಮಗನ ಕಾಲೇಜು ಅರ್ಜಿಗೆ ಅದೇ ಕೊನೆ ದಿನವಾಗಿದ್ದರಂತೂ ‘ನಾಳೆ ಬನ್ನಿ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಅಂಗಡಿಯವನ ಪಾಡೂ ಅಷ್ಟೇ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಬೀಸಣಿಗೆಯಂಥ ಗುರುತು ತುಂಬಿಕೊಂಡು ನಿಂತಿದೆ. ‘ಕನೆಕ್ಟೆಡ್’ ಎಂದು ಇಂಗ್ಲಿಷಿನಲ್ಲಿ ಬರೆದೂ ಇದೆ. ಆದರೆ ಒಂದು ಪುಟ ತೆರೆಯುತ್ತಿಲ್ಲ. ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ. ಸಿಮೆಂಟು, ಕಬ್ಬಿಣದ ವ್ಯಾಪಾರಿಯಾದರೆ ಇನ್ನೂ ಫಜೀತಿ. 50,000 ರೂಪಾಯಿಗೆ ಮೇಲ್ಪಟ್ಟ ಸರಕಿಗೆ ಇ-ವೇ ಬಿಲ್ ಆಗದೆ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಕೊಡುವವರಿಗೆ 20ನೇ ತಾರೀಖು ದಾಟಿದರೆ ದಿನಕ್ಕೆ 50 ರೂಪಾಯಿ ದಂಡ. ‘ನಮ್ಮ ವೈಫೈ ಕನೆಕ್ಟೆಡ್ ಅಂತ್ಲೇ ತೋರಿಸ್ತಿತ್ತು ಸಾರ್’ ಎಂದರೆ ಇಲಾಖೆಯ ಕಂಪ್ಯೂಟರು ಕೇಳುತ್ತದೆಯೆ?

ಹಾಗಾದರೆ ಈ ‘ಕನೆಕ್ಟೆಡ್’ ಎಂಬುದರ ಮರ್ಮವೇನು? ಲ್ಯಾಪ್‌ಟಾಪು ಸುಳ್ಳು ಹೇಳುತ್ತಿದೆಯೇ?

ಇಲ್ಲ. ಅದು ನಿಜವನ್ನೇ ಹೇಳುತ್ತಿದೆ, ಅರ್ಧ ಮಾತ್ರ ಹೇಳುತ್ತಿದೆ. ವೈಫೈ ಎಂಬುದು ಲ್ಯಾಪ್‌ಟಾಪಿಗೂ ಅದೇ ಕೋಣೆಯ ಗೋಡೆಗೆ ಹೊಡೆದ ಪೆಟ್ಟಿಗೆಗೂ ನಡುವಿನ ಹತ್ತಿಪ್ಪತ್ತು ಅಡಿಯ ಸಂಬಂಧ. ಆ ಪೆಟ್ಟಿಗೆಯಿಂದ ಆಚೆ ಬೀದಿ ಕಂಬ, ಕಂಬದಿಂದ ಕಂಪನಿ, ಕಂಪನಿಯಿಂದ ಬೆಂಗಳೂರು, ಅಲ್ಲಿಂದ ಲೋಕ. ಈ ಆಚೆಯ ದಾರಿಗೂ ಬೀಸಣಿಗೆ ಗುರುತಿಗೂ ಸಂಬಂಧವೇ ಇಲ್ಲ. ಮನೆ ಮುಂದೆ ಕೊಳಾಯಿ ಹಾಕಿದ್ದಾರೆ, ತಿರುಗಿಸಿದರೆ ತಿರುಗುತ್ತದೆ, ಆದರೆ ನೀರಿಲ್ಲ. ಈ ಜಿಲ್ಲೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೇಮಾವತಿ ನಾಲೆಯ ಕೊನೆ ಭಾಗದ ರೈತರಿಗಂತೂ ಬೇಡವೇ ಬೇಡ.

‘ನೋ ಇಂಟರ್‌ನೆಟ್, ಸೆಕ್ಯೂರ್ಡ್’ ಎಂದು ಬಂದಾಗ ‘ಸೆಕ್ಯೂರ್ಡ್’ ನೋಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಅದರ ಅರ್ಥ ಇಷ್ಟೇ: ಪೆಟ್ಟಿಗೆಗೆ ಪಾಸ್‌ವರ್ಡ್ ಇದೆ. ಬೀಗ ಭದ್ರವಾಗಿದೆ, ಮನೆ ಖಾಲಿ.

ಇನ್ನು ‘ನೆಟ್ ಇಲ್ಲ’ ಎಂದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಹೇಗೆ? ವಿಂಡೋಸ್ 10 ಮತ್ತು 11ರಲ್ಲಿ ಅದಕ್ಕೊಂದು ಉಪಾಯವಿದೆ. ವೈಫೈ ಸೇರಿದ ಕೂಡಲೇ ಅದು ಮೈಕ್ರೋಸಾಫ್ಟ್ ಕಂಪನಿಯ ಒಂದು ವಿಳಾಸಕ್ಕೆ ಹೋಗಿ ಪುಟ್ಟ ಚೀಟಿಯೊಂದನ್ನು ತರುತ್ತದೆ. ಚೀಟಿಯಲ್ಲಿರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದ. ಚೀಟಿ ಸಿಕ್ಕರೆ ನೆಟ್ ಇದೆ, ಸಿಗದಿದ್ದರೆ ಇಲ್ಲ. ಅಂಗಡಿ ಹುಡುಗನನ್ನು ಚಿಲ್ಲರೆ ತರಲು ಕಳಿಸಿ ಪೇಟೆ ತೆರೆದಿದೆಯೋ ಇಲ್ಲವೋ ತಿಳಿದುಕೊಂಡ ಹಾಗೆ. ಹುಡುಗ ದಾರಿ ತಪ್ಪಿ ಬರಿಗೈಲಿ ಬಂದರೆ ಪೇಟೆಯೇ ಮುಚ್ಚಿದೆ ಎಂದು ತಿಳಿಯುವ ಅಪಾಯವೂ ಉಂಟು. ಅಂದರೆ ‘ನೋ ಇಂಟರ್‌ನೆಟ್’ ಎಂದು ತೋರಿಸುತ್ತಾ ಪುಟಗಳು ಸರಾಗವಾಗಿ ತೆರೆಯುವುದೂ ಉಂಟು. ಗುರುತನ್ನು ನಂಬಬೇಡಿ, ಪುಟ ತೆರೆದು ನೋಡಿ ಎನ್ನುತ್ತಾರೆ ಬಲ್ಲವರು.

ಎಲ್ಲಕ್ಕೂ ಒಂದೇ ಹೆಸರು

ಈಗ ‘ಸರ್ವರ್ ಡೌನ್’ ಎಂಬ ಮಾತಿಗೆ ಬರೋಣ. ಜಿಲ್ಲೆಯಲ್ಲಿ ಜ್ವರ ಬಂದರೂ ಸರ್ವರ್ ಡೌನ್, ನೆಗಡಿ ಬಂದರೂ ಸರ್ವರ್ ಡೌನ್. ತಾಲ್ಲೂಕು ಕಚೇರಿಯಿಂದ ಪಂಚಾಯಿತಿ ಕಟ್ಟೆಯವರೆಗೆ, ಬ್ಯಾಂಕಿನಿಂದ ನ್ಯಾಯಬೆಲೆ ಅಂಗಡಿಯವರೆಗೆ ಇದೇ ರಾಗ. ಸರ್ವರ್ ಎಂದರೆ ಪಹಣಿ, ಇ-ಸ್ವತ್ತು ಮುಂತಾದ ಲೆಕ್ಕಗಳನ್ನು ಇಟ್ಟುಕೊಂಡು ದೂರದಲ್ಲೆಲ್ಲೋ ಕೂತಿರುವ ದೊಡ್ಡ ಯಂತ್ರ. ಅದು ಕೆಟ್ಟಿದ್ದರೆ ಆ ಒಂದು ಕೆಲಸ ಮಾತ್ರ ನಿಲ್ಲಬೇಕು. ದಿನಪತ್ರಿಕೆಯ ಪುಟ, ಬಸ್ಸಿನ ಟಿಕೆಟ್ ಪುಟ ತೆರೆಯಲೇಬೇಕು. ಅವೂ ತೆರೆಯದಿದ್ದರೆ ಕೆಟ್ಟಿರುವುದು ಸರ್ವರ್ ಅಲ್ಲ. ಲ್ಯಾಪ್‌ಟಾಪು, ಪೆಟ್ಟಿಗೆ ಅಥವಾ ತಂತಿ.

ಇದು ಪಾಂಡಿತ್ಯದ ಮಾತಲ್ಲ, ದುಡ್ಡಿನ ಮಾತು. ಯಾವುದು ಕೆಟ್ಟಿದೆ ಎಂದು ಗೊತ್ತಿಲ್ಲದ ಅಂಗಡಿಯವನು ಮೊದಲು ಲ್ಯಾಪ್‌ಟಾಪನ್ನು ರಿಪೇರಿಗೆ ಹೊತ್ತುಕೊಂಡು ಹೋಗುತ್ತಾನೆ. ಅಲ್ಲಿ ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ ಕಾಸು ಇಸ್ಕೊಳ್ಳುತ್ತಾರೆ. ಅಂಗಡಿಗೆ ತಂದು ನೋಡಿದರೆ ಅದೇ ಕಥೆ. ಆಮೇಲೆ ಹೊಸ ಪೆಟ್ಟಿಗೆ. ಅದೂ ಆದ ಮೇಲೆ ಗೊತ್ತಾಗುತ್ತದೆ, ಕಂಬದ ಮೇಲಿನ ತಂತಿ ತುಂಡಾಗಿತ್ತು ಅಂತ. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿದ್ದ ಗಿರಾಕಿಗಳ ಲೆಕ್ಕವೂ ಹೋಗಿರುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ರಿಪೇರಿ ಅಂಗಡಿಯಲ್ಲಲ್ಲ, ಜೇಬಿನಲ್ಲಿ. ಅದೇ ವೈಫೈಗೆ ಮೊಬೈಲನ್ನು ಸೇರಿಸಿ ಒಂದು ಪುಟ ತೆರೆದು ನೋಡುವುದು. ಇಲ್ಲೊಂದು ಹಳ್ಳವಿದೆ, ಹತ್ತರಲ್ಲಿ ಎಂಟು ಜನ ಬೀಳುವುದು ಇಲ್ಲೇ. ಮೊಬೈಲಿನಲ್ಲಿ ಸಿಮ್ಮಿನ ಡೇಟಾ ಆನ್ ಇದ್ದರೆ, ವೈಫೈಯಲ್ಲಿ ನೆಟ್ ಸಿಗದಾಗ ಅದು ಸದ್ದಿಲ್ಲದೆ ಸಿಮ್ಮಿನ ಕಡೆ ಹಾರುತ್ತದೆ. ಪುಟ ತೆರೆಯುತ್ತದೆ. ‘ಮೊಬೈಲಲ್ಲಿ ಬತ್ತೈತೆ, ಹಂಗಾರೆ ಲ್ಯಾಪ್‌ಟಾಪೇ ಕೆಟ್ಟೈತೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಡೇಟಾ ಆಫ್ ಮಾಡಿ ನೋಡಬೇಕು. ಹಾಗೆ ನೋಡಿದಾಗಲೂ ಮೊಬೈಲಿನಲ್ಲಿ ಬಂದರೆ ತೊಂದರೆ ಲ್ಯಾಪ್‌ಟಾಪಿನದು. ಎರಡರಲ್ಲೂ ಬಾರದಿದ್ದರೆ ಲ್ಯಾಪ್‌ಟಾಪನ್ನು ಮುಟ್ಟುವ ಅಗತ್ಯವೇ ಇಲ್ಲ.

ತಾರೀಖು ತಪ್ಪಿದ ಲ್ಯಾಪ್‌ಟಾಪು

ಲ್ಯಾಪ್‌ಟಾಪಿನದೇ ತಪ್ಪು ಎಂದಾದಾಗ ಮೊದಲು ನೋಡಬೇಕಾದದ್ದು ಏನು ಗೊತ್ತೆ? ಗಡಿಯಾರ. ನಗಬೇಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳು ಅಂಗಡಿ ಅಂಗಡಿಯಲ್ಲಿ ಓಡುತ್ತಿರುವ ಕಾಲ ಇದು. ಅವುಗಳ ಹೊಟ್ಟೆಯೊಳಗೆ ತಾರೀಖು ನೆನಪಿಡಲು ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ. ಅದು ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಲ್ಯಾಪ್‌ಟಾಪು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಬ್ಯಾಂಕು, ಸರ್ಕಾರದ ಪುಟಗಳಿಗೆಲ್ಲ ಒಂದೊಂದು ಗುರುತಿನ ಪತ್ರವಿದೆ. ಇಂಥ ದಿನದಿಂದ ಇಂಥ ದಿನದವರೆಗೆ ಚಲಾವಣೆ ಎಂದು ಅದರಲ್ಲಿ ನಮೂದಾಗಿರುತ್ತದೆ. ಲ್ಯಾಪ್‌ಟಾಪು ತನ್ನ ಹಳೇ ಕ್ಯಾಲೆಂಡರ್ ನೋಡಿಕೊಂಡು ‘ಈ ಪತ್ರ ಇನ್ನೂ ಹುಟ್ಟೇ ಇಲ್ಲ, ಇದು ಖೋಟಾ’ ಎಂದು ಬಾಗಿಲು ಹಾಕುತ್ತದೆ. ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಎಲ್ಲ ಪುಟಕ್ಕೂ ಬಂದರೆ ಕಳ್ಳರು ನುಗ್ಗಿದ್ದಾರೆಂದು ಗಾಬರಿ ಬೀಳುವ ಮೊದಲು ತಾರೀಖು ನೋಡಿಕೊಳ್ಳುವುದು ಒಳ್ಳೆಯದು. ತಾರೀಖು ತಿದ್ದಿದರೆ ಅರ್ಧ ನಿಮಿಷದ ಕೆಲಸ. ಸೆಲ್ ಬದಲಿಸಿದರೆ ಶಾಶ್ವತ.

ಎರಡನೆಯದು ವಿಳಾಸದ ತಕರಾರು. ಪೆಟ್ಟಿಗೆ ತನ್ನ ಬಳಿ ಬಂದ ಪ್ರತಿ ಲ್ಯಾಪ್‌ಟಾಪಿಗೂ ಮೊಬೈಲಿಗೂ ಕಂಡಕ್ಟರ್ ಟಿಕೆಟ್ ಹರಿದಂತೆ ಒಂದೊಂದು ನಂಬರ್ ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೈಫೈಯ ‘ಪ್ರಾಪರ್ಟೀಸ್’ ತೆರೆದರೆ ‘ಐಪಿವಿ4 ಅಡ್ರೆಸ್’ ಎಂಬ ಸಾಲಿನಲ್ಲಿ ಕಾಣುತ್ತದೆ. ಅಲ್ಲಿ 169.254 ಎಂದು ಶುರುವಾಗುವ ನಂಬರ್ ಇದ್ದರೆ ಟಿಕೆಟ್ ಸಿಕ್ಕಿಲ್ಲ ಎಂದೇ ಅರ್ಥ. ಕೇಳಿ ಕೇಳಿ ಸಾಕಾಗಿ ಲ್ಯಾಪ್‌ಟಾಪು ತನಗೆ ತಾನೇ ಬರೆದುಕೊಂಡ ನಂಬರ್ ಅದು. ಅದರಲ್ಲಿ ಪೆಟ್ಟಿಗೆಯಿಂದಾಚೆ ಒಂದು ಹೆಜ್ಜೆಯೂ ಇಡುವಂತಿಲ್ಲ.

ಟಿಕೆಟ್ ಯಾಕೆ ಸಿಗಲಿಲ್ಲ? ಇಲ್ಲಿ ಹೋಟೆಲಿನವರು, ಸಲೂನಿನವರು ಕೊಂಚ ಗಮನಿಸಬೇಕು. ಗೋಡೆ ಮೇಲೆ ಪಾಸ್‌ವರ್ಡ್ ಬರೆದು ಅಂಟಿಸಿದ್ದಾರೆ. ಬಂದವರೆಲ್ಲ ಸೇರಿಕೊಳ್ಳುತ್ತಾರೆ. ಎಷ್ಟು ಟಿಕೆಟ್ ಹರಿಯಬೇಕೆಂದು ಪೆಟ್ಟಿಗೆಯಲ್ಲಿ ಮೊದಲೇ ಮಿತಿ ಹಾಕಿರುತ್ತಾರೆ. ಗಿರಾಕಿ ಕಾಫಿ ಕುಡಿದು ಚನ್ನರಾಯಪಟ್ಟಣದ ಬಸ್ ಹತ್ತಿ ಹೋದರೂ ಅವನ ಹೆಸರಿನ ಟಿಕೆಟ್ ಎಷ್ಟೋ ಪೆಟ್ಟಿಗೆಗಳಲ್ಲಿ ಇಡೀ ದಿನ ಅವನದೇ. ಸಂಜೆ ಹೊತ್ತಿಗೆ ಮಾಲೀಕನ ಲ್ಯಾಪ್‌ಟಾಪಿಗೇ ಸೀಟಿಲ್ಲ! ಪೆಟ್ಟಿಗೆಯನ್ನು ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಸಾಮಾನ್ಯವಾಗಿ ಎಲ್ಲ ಸರಿಹೋಗುವುದರ ಗುಟ್ಟು ಇದೇ. ಮಂತ್ರವೇನಲ್ಲ, ಹಳೇ ಟಿಕೆಟ್ ಪುಸ್ತಕ ಹರಿದು ಹೊಸದು ಶುರುಮಾಡುತ್ತದೆ, ಅಷ್ಟೆ. ಗಿರಾಕಿಗಳಿಗೆಂದು ಬೇರೆ ಹೆಸರಿನ ‘ಗೆಸ್ಟ್’ ವೈಫೈ ಮಾಡಿಕೊಟ್ಟು ಅಂಗಡಿಯದನ್ನು ಗುಟ್ಟಾಗಿಟ್ಟುಕೊಳ್ಳುವುದು ಜಾಣತನ.

ಮೂರನೆಯದು ಹೆಸರು ಪುಸ್ತಕದ ತೊಂದರೆ. ಪುಟಗಳಿಗೆ ಮನುಷ್ಯರು ಹೆಸರಿಟ್ಟಿದ್ದಾರೆ, ಯಂತ್ರಕ್ಕೆ ಬೇಕಾದ್ದು ನಂಬರು. ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ಡೈರೆಕ್ಟರಿಗೆ ಡಿಎನ್‌ಎಸ್ ಎನ್ನುತ್ತಾರೆ. ರಸ್ತೆ ಚೆನ್ನಾಗಿದ್ದೂ ಡೈರೆಕ್ಟರಿ ಕೆಟ್ಟರೆ ಯಾವ ಊರಿಗೂ ಹೋಗಲಾಗುವುದಿಲ್ಲ. ಕಂಡುಹಿಡಿಯುವುದು ಸುಲಭ. ಕಮ್ಯಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆದು ‘ಪಿಂಗ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು 8.8.8.8 ಎಂದು ಹೊಡೆದರೆ ಉತ್ತರ ಬರುತ್ತದೆಯೋ ಇಲ್ಲವೋ ನೋಡುವುದು. ಇದು 2009ರಲ್ಲಿ ಗೂಗಲ್ ಕಂಪನಿ ಎಲ್ಲರ ಬಳಕೆಗೆಂದು ತೆರೆದ ಡೈರೆಕ್ಟರಿಯ ನಂಬರ್. ಉತ್ತರ ಬಂದರೂ ಪುಟಗಳು ತೆರೆಯದಿದ್ದರೆ ಮೊದಲ ಅನುಮಾನ ಡೈರೆಕ್ಟರಿಯ ಮೇಲೆ. ವೈಫೈ ಸೆಟ್ಟಿಂಗಿನಲ್ಲಿ ಅದೇ 8.8.8.8 ಅಥವಾ 2018ರಲ್ಲಿ ಬಂದ 1.1.1.1 ಎಂಬ ನಂಬರನ್ನು ಡೈರೆಕ್ಟರಿಯಾಗಿ ಬರೆದರೆ ಕೆಲಸ ನಡೆಯುತ್ತದೆ.

ಹಿಂದೆ ಇದ್ದ ಕಚೇರಿಯವರು ಹಾಕಿಟ್ಟ ‘ಪ್ರಾಕ್ಸಿ’, ಯಾವುದೋ ಸಿನಿಮಾ ನೋಡಲು ಹುಡುಗರು ಹಾಕಿದ ವಿಪಿಎನ್, ಅವಧಿ ಮುಗಿದ ಆಂಟಿವೈರಸ್ ಇವೂ ದಾರಿಗೆ ಅಡ್ಡ ಮಲಗುತ್ತವೆ. ತೆಗೆದು ನೋಡುವುದು.

ಕೆಂಪು ದೀಪ ಮತ್ತು ಜೆಸಿಬಿ

ಮೊಬೈಲಿಗೂ ಇಲ್ಲ, ಲ್ಯಾಪ್‌ಟಾಪಿಗೂ ಇಲ್ಲ ಎಂದಾಗ ಗೋಡೆಯ ಪೆಟ್ಟಿಗೆಯ ಮುಖ ನೋಡಬೇಕು. ಫೈಬರ್ ತಂತಿಯ ಪೆಟ್ಟಿಗೆಯಾದರೆ ‘ಪಿಒಎನ್’ ಮತ್ತು ‘ಎಲ್‌ಒಎಸ್’ ಎಂಬ ಎರಡು ದೀಪ ಇರುತ್ತವೆ. ಮೊದಲನೆಯದು ಹಸಿರಾಗಿ ನಿಂತಿದ್ದರೆ ಕಂಪನಿಯಿಂದ ಬೆಳಕು ಬರುತ್ತಿದೆ. ಎರಡನೆಯದು ಕೆಂಪಾಗಿ ಮಿಟುಕಿದರೆ ತಂತಿಯಲ್ಲಿ ಬೆಳಕಿಲ್ಲ. ಹೌದು, ಈ ತಂತಿಯಲ್ಲಿ ಹರಿಯುವುದು ಕರೆಂಟಲ್ಲ, ಬೆಳಕು. ಕೂದಲೆಳೆಯಂಥ ಗಾಜು ಅದು. ಟ್ರಂಕಿನ ಹಿಂದೆ ಸಿಕ್ಕಿ ಮಡಚಿಕೊಂಡರೂ ಸಾಕು, ಇಲಿ ಕಡಿದರೂ ಸಾಕು. ಆ ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಕೇಡು.

ಕೆಂಪು ದೀಪ ಬಂದ ಮೇಲೆ ಹತ್ತು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಎಲ್ಲೋ ಚರಂಡಿಗೋ ನೀರಿನ ಪೈಪಿಗೋ ಅಗೆಯುತ್ತಿದ್ದಾರೆ, ಜೆಸಿಬಿಯ ಹಲ್ಲಿಗೆ ತಂತಿ ಸಿಕ್ಕಿದೆ. ರಸ್ತೆ ಮಾಡುವವರಿಗೆ ಕೆಳಗೆ ಏನಿದೆ ಗೊತ್ತಿಲ್ಲ. ತಂತಿ ಹಾಕಿದವರಿಗೆ ಮೇಲೆ ಯಾರು ಅಗೆಯುತ್ತಾರೆ ಗೊತ್ತಿಲ್ಲ. ಇದಕ್ಕೆಂದೇ 2023ರ ಮಾರ್ಚ್ 22ರಂದು ಪ್ರಧಾನಿಯವರು ‘ಕಾಲ್ ಬಿಫೋರ್ ಯೂ ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವ ಮೊದಲು ಅದರಲ್ಲಿ ತಿಳಿಸಿದರೆ ಕೆಳಗೆ ತಂತಿ ಇರುವವರಿಗೆ ಸುದ್ದಿ ಹೋಗುತ್ತದೆ. ಗುತ್ತಿಗೆದಾರನ ಜೇಬಿನಲ್ಲಿ ಆ ಆ್ಯಪ್ ಇದೆಯೇ ಎಂದು ಕಾಮಗಾರಿ ಜಾಗದಲ್ಲಿ ಯಾರಾದರೂ ಒಬ್ಬರು ಕೇಳಿದರೆ ತಪ್ಪೇನಿಲ್ಲ.

ಕೆಂಪು ದೀಪವಿಲ್ಲ, ಹಸಿರು ನಿಂತಿದೆ, ಆದರೂ ನೆಟ್ ಇಲ್ಲ ಎಂದರೆ ಮೊದಲು ನೆನಪಿಸಿಕೊಳ್ಳಬೇಕಾದ್ದು ಬಾಡಿಗೆ. ಪ್ಯಾಕ್ ಮುಗಿದ ದಿನವೂ ವೈಫೈ ಗುರುತು ತುಂಬಿಕೊಂಡೇ ಇರುತ್ತದೆ! ಇನ್ನೊಂದು ಕರೆಂಟಿನ ಮಸಲತ್ತು. ಅಂಗಡಿಯಲ್ಲಿ ಯುಪಿಎಸ್ ಇದೆ, ಪೆಟ್ಟಿಗೆ ಉರಿಯುತ್ತಿದೆ. ಆದರೆ ಕೇಬಲ್ಲಿನವರು ಯಾರದೋ ತಾರಸಿಯ ಮೇಲೆ ಇಟ್ಟಿರುವ ಸ್ವಿಚ್ಚಿಗೆ ಬ್ಯಾಟರಿ ಇಲ್ಲ. ಆ ಬೀದಿಯಲ್ಲಿ ಕರೆಂಟು ಹೋದರೆ ಈ ಬೀದಿಯಲ್ಲಿ ನೆಟ್ ಹೋಗುತ್ತದೆ. ಪ್ರತಿ ಸಲ ಕರೆಂಟು ಹೋದಾಗಲೇ ಹೀಗಾದರೆ ಗುಟ್ಟು ಇದೇ ಇರಬೇಕು.

ಬಸ್ಸಿನವರ ಕಷ್ಟ

ಇನ್ನು ದಿನವೂ ಓಡಾಡುವವರು. ಇವರು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಬಸ್ಸಿನಲ್ಲೇ ಲ್ಯಾಪ್‌ಟಾಪ್ ಬಿಚ್ಚುವ ಪೈಕಿ. ಬೆಳಗ್ಗೆ 9ಕ್ಕೆ ಶುರು ಮಾಡಿದರೆ ಮಧ್ಯಾಹ್ನಕ್ಕೆ ‘ಕನೆಕ್ಟೆಡ್’ ಇದ್ದೂ ಏನೂ ತೆರೆಯುವುದಿಲ್ಲ. ದಿನದ ಡೇಟಾ ಮುಗಿದಿದೆ. ಮುಗಿದ ಮೇಲೆ ಬಹುತೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ನಿಂತಿಲ್ಲ, ತೆವಳುತ್ತಿದೆ. 2023ರಿಂದ ಈ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು. ಅಂದರೆ ಅದರ ಮೂವತ್ತರಲ್ಲಿ ಒಂದು ಪಾಲು. ಅಷ್ಟು ಡೇಟಾ ತಿಂದವರು ಯಾರು? ಲ್ಯಾಪ್‌ಟಾಪೇ! ಹಾಟ್‌ಸ್ಪಾಟನ್ನು ಮನೆಯ ವೈಫೈ ಎಂದು ತಿಳಿದು ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನೆಲ್ಲ ಹಿನ್ನೆಲೆಯಲ್ಲಿ ಎಳೆದುಕೊಳ್ಳುತ್ತದೆ. ಆ ವೈಫೈಯ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿದರೆ ಇದು ಮೀಟರ್ ಓಡುವ ಲೈನು ಎಂದು ಅದಕ್ಕೆ ಅರ್ಥವಾಗುತ್ತದೆ.

ರೈಲ್ವೆ ಸ್ಟೇಷನ್ನಿನಂಥ ಸಾರ್ವಜನಿಕ ಜಾಗದ ವೈಫೈ ಬೇರೆ ಜಾತಿ. ಸೇರಿಕೊಂಡರೆ ಸಾಲದು, ಮೊಬೈಲ್ ನಂಬರ್ ಕೊಟ್ಟು ಬಂದ ಒಟಿಪಿ ಹಾಕಬೇಕು. ಆ ಪುಟ ತಾನಾಗಿ ತೆರೆದುಕೊಳ್ಳಬೇಕು, ಎಷ್ಟೋ ಸಲ ತೆರೆದುಕೊಳ್ಳುವುದಿಲ್ಲ. ಮೇಲೆ ಹೇಳಿದ ಹಾಗೆ ಡೈರೆಕ್ಟರಿಗೆ 8.8.8.8 ಎಂದು ಕೈಯಲ್ಲಿ ಬರೆದಿಟ್ಟವರಿಗಂತೂ ಇಲ್ಲಿ ತೊಂದರೆ ಜಾಸ್ತಿ. ಒಂದು ರೋಗದ ಔಷಧ ಇನ್ನೊಂದು ರೋಗಕ್ಕೆ ಕಾರಣ. ಅದನ್ನು ‘ಆಟೋಮ್ಯಾಟಿಕ್’ ಮಾಡಿ ಮತ್ತೆ ಸೇರಿದರೆ ಪುಟ ಬರುತ್ತದೆ. ಇಂಥ ಕಡೆ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ಪಂಚಾಯಿತಿಯ ‘ಕನೆಕ್ಟೆಡ್’

ಇದು ಇಷ್ಟಕ್ಕೇ ಮುಗಿದಿದ್ದರೆ ರಿಪೇರಿ ಅಂಗಡಿಯ ವಿಷಯವಾಗುತ್ತಿತ್ತು. ಆದರೆ ಲ್ಯಾಪ್‌ಟಾಪು ಹೇಳುವ ಅರ್ಧ ನಿಜವನ್ನೇ ಸರ್ಕಾರವೂ ಹೇಳುತ್ತದೆ.

ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರು ಬದಲಾಯಿತು. ದೇಶದ 2 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಈಗ ‘ಸರ್ವೀಸ್ ರೆಡಿ’ ಎಂದು ಲೆಕ್ಕ ಕೊಡುತ್ತಾರೆ. ‘ಸೇವೆಗೆ ಸಿದ್ಧ’ ಎಂದರೆ ತಂತಿ ಬಂದಿದೆ, ಪೆಟ್ಟಿಗೆ ಕೂತಿದೆ. ನಿನ್ನೆ ಮಧ್ಯಾಹ್ನ 3 ಗಂಟೆಗೆ ನೆಟ್ ಇತ್ತೆ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಬಾಪೂಜಿ ಸೇವಾ ಕೇಂದ್ರದ ಕಂಪ್ಯೂಟರು, ಗ್ರಂಥಾಲಯ ಹೋಗಿ ‘ಅರಿವು ಕೇಂದ್ರ’ ಆದ ಕಡೆ ಮಕ್ಕಳಿಗೆಂದು ಇಟ್ಟ ಕಂಪ್ಯೂಟರು ಇವೆಲ್ಲ ನೆಟ್ ಇದ್ದರೆ ಮಾತ್ರ ಕಂಪ್ಯೂಟರುಗಳು. ಇಲ್ಲದಿದ್ದರೆ ಬಟ್ಟೆ ಹೊದಿಸಿದ ಪೆಟ್ಟಿಗೆಗಳು.

ಹಾಸನದ ಮಟ್ಟಿಗೆ ಇದೊಂದು ತಮಾಷೆಯೂ ಹೌದು. ದೇಶದ ಉಪಗ್ರಹಗಳನ್ನು ಹಿಡಿತದಲ್ಲಿಟ್ಟುಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಈ ಊರಲ್ಲಿ ಶುರುವಾದದ್ದು 1982ರಲ್ಲಿ. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದ ಯಂತ್ರದ ಜೊತೆ ಇಲ್ಲಿಂದ ಮಾತಾಡುತ್ತಾರೆ. ಅದೇ ಹಾಸನದ ಅಂಚಿನ ಬೂವನಹಳ್ಳಿಯಂಥ ಊರಿನಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ವೈಫೈ ಇದ್ದೂ ನೆಟ್ ಇಲ್ಲ ಎಂದು ಸುತ್ತಬೇಕಾದರೆ ದೂರವನ್ನು ಯಾವ ಮೊಳದಲ್ಲಿ ಅಳೆಯುವುದು? ಹೊರಗಿನವರಿಗೆ ಬೂವನಹಳ್ಳಿ ಎಂದರೆ ವಿಮಾನ ನಿಲ್ದಾಣದ ಹೆಸರು. ಶಂಕುಸ್ಥಾಪನೆಗೂ ವಿಮಾನ ಇಳಿಯುವುದಕ್ಕೂ ನಡುವೆ ಎಷ್ಟು ದೂರ ಇರುತ್ತದೆ ಎಂಬುದನ್ನು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಂತಿಗೆ ಬಂದರೆ, ತೊಂದರೆಯ ಬೇರು ಅದನ್ನು ಎಳೆದ ರೀತಿಯಲ್ಲೇ ಇದೆ. ತಾಲ್ಲೂಕಿನಿಂದ ಹೊರಟ ತಂತಿ ಒಂದು ಪಂಚಾಯಿತಿ ಮುಟ್ಟಿ, ಅಲ್ಲಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ. ಒಂದೇ ದಾರಿಯ ಊರುಗಳ ಹಾಗೆ. ನಡುವೆ ಸೇತುವೆ ಮುರಿದರೆ ಆಚೆ ಊರುಗಳಿಗೆಲ್ಲ ಬಸ್ ಬಂದ್. ಇದನ್ನು ದೆಹಲಿಯವರೂ ಒಪ್ಪಿಕೊಂಡಿದ್ದಾರೆ ಎನ್ನಬೇಕು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಮುಖ್ಯವಾದ ಬದಲಾವಣೆ ಎಂದರೆ ಉಂಗುರದ ಆಕಾರದಲ್ಲಿ ತಂತಿ ಎಳೆಯುವುದು. ಈ ಕಡೆ ಕಡಿದರೆ ಆ ಕಡೆಯಿಂದ ಸುತ್ತಿ ಬರುತ್ತದೆ. ನಿಗದಿತ ಕಾಲ ತಂತಿಯನ್ನು ನೋಡಿಕೊಳ್ಳುವ ಹೊಣೆಯೂ ಎಳೆದವರದೇ. ಹೊಳೆನರಸೀಪುರದ, ಅರಕಲಗೂಡಿನ ಯಾವ ಪಂಚಾಯಿತಿ ಉಂಗುರದೊಳಗೆ ಬಂದಿದೆ, ಯಾವುದು ಇನ್ನೂ ಬಾಲದ ತುದಿಯಲ್ಲಿದೆ ಎಂಬ ಪಟ್ಟಿಯನ್ನು ತಾಲ್ಲೂಕು ಪಂಚಾಯಿತಿಯ ಬೋರ್ಡಿನ ಮೇಲೆ ಅಂಟಿಸಲು ಖರ್ಚೇನೂ ಆಗದು.

2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ-ವಾಣಿ ಎಂಬ ಇನ್ನೊಂದು ಯೋಜನೆಯೂ ಇದೆ. ಟೀ ಅಂಗಡಿಯವನೂ ಕಿರಾಣಿಯವನೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಹಾಗೆ ಮಾರುವ ಅಂಗಡಿಗೆ ‘ಪಿಡಿಒ’ ಎಂದು ಹೆಸರು. ಪಂಚಾಯಿತಿಯಲ್ಲಿ ಒಬ್ಬರು ಪಿಡಿಒ, ಅಂಗಡಿಯಲ್ಲಿ ಇನ್ನೊಬ್ಬ ಪಿಡಿಒ! ನೆಟ್ ಇಲ್ಲ ಎಂದರೆ ಜನ ಯಾರ ಬಾಗಿಲಿಗೆ ಹೋಗಬೇಕೋ?

ದೂರು ಯಾರಿಗೆ?

ಅಂಗಡಿಯವರಿಗೆ ಈ ಪ್ರಶ್ನೆಗೆ ಉತ್ತರವಿದೆ, ಬಳಸುವವರು ಕಡಿಮೆ. ಕೇಬಲ್ ಹುಡುಗನಿಗೆ ಫೋನ್ ಮಾಡುವುದು, ಅವನು ‘ಬತ್ತೀನಿ ಅಣ್ಣ’ ಎನ್ನುವುದು ದೂರಲ್ಲ. ಬಿಲ್ಲಿನ ಮೇಲೆ ಯಾವ ಕಂಪನಿಯ ಹೆಸರಿದೆಯೋ ಅದರ ದೂರು ಕೇಂದ್ರಕ್ಕೆ ಹೇಳಬೇಕು. 2012ರ ಟ್ರಾಯ್ ನಿಯಮದಂತೆ ಪ್ರತಿ ದೂರಿಗೂ ಅವರು ಡಾಕೆಟ್ ನಂಬರ್ ಕೊಡಲೇಬೇಕು. ಅದರಲ್ಲಿ ಕೆಲಸವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ನಂಬರ್ ಇಲ್ಲದ ದೂರು ಕಂಪನಿಯ ಪುಸ್ತಕದಲ್ಲಿ ಹುಟ್ಟಿಯೇ ಇಲ್ಲ. ಬಿಲ್ಲನ್ನೇ ಕೊಡದ ಕೇಬಲ್ಲಿನವರಿಂದ ನೆಟ್ ತೆಗೆದುಕೊಂಡವರು ಮೊದಲು ಬಿಲ್ ಕೇಳುವುದರಿಂದ ಶುರು ಮಾಡಬೇಕು.

ದೂರು ಕೊಡುವಾಗ ‘ನೆಟ್ ಬರ್ತಿಲ್ಲ’ ಎಂದರೆ ‘ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಎಲ್‌ಒಎಸ್ ದೀಪ ಬೆಳಗ್ಗೆ 10.20ರಿಂದ ಕೆಂಪಾಗಿದೆ’ ಎಂದರೆ ಆ ಉತ್ತರ ಹೇಳಲು ಬರುವುದಿಲ್ಲ, ತಂತಿ ಜೋಡಿಸುವವನನ್ನೇ ಕಳಿಸಬೇಕು. ‘ಡೇಟಾ ಆಫ್ ಮಾಡಿದ ಮೊಬೈಲಿಗೂ ಬರ್ತಿಲ್ಲ, ಹಸಿರು ದೀಪ ಇದೆ, ಪ್ಯಾಕ್ ಮುಗಿದಿಲ್ಲ’ ಎಂದರೆ ಅದು ಅವರ ಕಡೆಯ ತೊಂದರೆ ಎಂದು ಅವರಿಗೂ ಗೊತ್ತಾಗುತ್ತದೆ. ಪೆಟ್ಟಿಗೆಯ ಪಕ್ಕ ಒಂದು ಹಳೇ ಕ್ಯಾಲೆಂಡರ್ ನೇತುಹಾಕಿ ನೆಟ್ ಹೋದ ಹೊತ್ತು, ಬಂದ ಹೊತ್ತು, ದೀಪದ ಬಣ್ಣ ಬರೆದಿಟ್ಟರೆ ತಿಂಗಳ ಕೊನೆಗೆ ಬಾಡಿಗೆ ಕೇಳಲು ಬಂದವರಿಗೆ ಅದನ್ನೇ ತೋರಿಸಬಹುದು.

ಪಂಚಾಯಿತಿಗೂ ಇದೇ ಕ್ಯಾಲೆಂಡರ್ ಸಾಕು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ಈ ಆರು ತಿಂಗಳಲ್ಲಿ ಬಾಪೂಜಿ ಕೇಂದ್ರದ ನೆಟ್ ಎಷ್ಟು ದಿನ ಇರಲಿಲ್ಲ, ಯಾವ ತಾರೀಖು ದೂರು ಕೊಟ್ಟಿರಿ, ಡಾಕೆಟ್ ನಂಬರ್ ಏನು ಎಂದು ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ, ‘ಸರ್ವರ್ ಡೌನ್ ಇತ್ತು’ ಎಂಬ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಕೂರಬೇಕು.